ಇಬ್ಬರು ಐತಪ್ಪರಿಗೆ

ಉಪ್ಪಳ ಪೇಟೆ, ಬಸ್‌ಸ್ಟ್ಯಾಂಡಿನ ಎದುರು, ಮೊದಲ ಮಾಳಿಗೆ.
ಬೆಳಗ್ಗೆ ಆರೂವರೆಗೆ ಖಾಲಿಹೊಟ್ಟೆಯ ಸಾಲು,
ಲ್ಯಾಬಿನ ಕೌಂಟರಿನಲ್ಲಿ ನಾನು, ಬೆನೆಡಿಕ್ಟಾ.
'ರಿಪೋರ್ಟು ಯಾರಿಗೆ?' ಎಂದರೆ
ಎಂಕ್ ಎನ್ನುತ್ತಾರೆ, ಎನಿಕ್ಕ್ ಎನ್ನುತ್ತಾರೆ,
ನಮ್ಮ ಇಗರ್ಜಿಯವರು ಮ್ಹಾಕಾ ಎನ್ನುತ್ತಾರೆ,
ವರ್ಕಾಡಿಯ ಮೇಷ್ಟ್ರು ಮಾತ್ರ ಕನ್ನಡಕ ಸರಿಮಾಡಿಕೊಂಡು
'ನನಗೆ' ಎನ್ನುತ್ತಾರೆ, ಚತುರ್ಥಿಯನ್ನು ಒತ್ತಿ.

ನಮ್ಮ ಯಾವ ಭಾಷೆಯಲ್ಲೂ ಮೊದಲು ಮನುಷ್ಯ,
ಆಮೇಲೆ ಅವನ ಬೆನ್ನಿಗೆ ಅಂಟಿದ ಸಣ್ಣ 'ಗೆ'.
ಇಮೇಲಿನಲ್ಲಿ ಹಾಗಲ್ಲ.
ಮೊದಲು 'ಟು'. ಆಮೇಲೆ ಖಾಲಿ ಪೆಟ್ಟಿಗೆ.
ಮನುಷ್ಯನನ್ನು ನೀವೇ ಹುಡುಕಿ ತುಂಬಬೇಕು.

ಇಮೇಲ್ ಉಂಟಾ ಅಂದರೆ ಅರ್ಧಕ್ಕರ್ಧ ಮಂದಿ
ಕೊಡುವುದು ಕೈಕಂಬದ ಅಂದುಂಞಿಯದ್ದು.
ಜೆರಾಕ್ಸ್ ಅಂಗಡಿ. ಪ್ರಿಂಟಿಗೆ ಐದು ರೂಪಾಯಿ,
ಓದಿ ಹೇಳಿದ್ದಕ್ಕೆ ಏನೂ ಇಲ್ಲ.

ಫೆಬ್ರವರಿಯ ಒಂದೇ ದಿನ ಇಬ್ಬರು ತೋಳು ಚಾಚಿದರು.
ಬಾಯಾರಿನ ಐತಪ್ಪ, ಗಾರೆ ಕೆಲಸದವ.
ಮೀಂಜದ ಐತಪ್ಪ, ರೇಶನ್ ಅಂಗಡಿಯಲ್ಲಿ ಅಕ್ಕಿ ತೂಗುವವ.
ಇಬ್ಬರಿಗೂ ಐವತ್ತೆಂಟು. ಇಬ್ಬರದ್ದೂ ಬೂದು ಮುಚ್ಚಳದ ಟ್ಯೂಬು.
ಟು ಎಂಬಲ್ಲಿ ಅಂದುಂಞಿ. ಇನ್ನೊಂದರ ಟು ಎಂಬಲ್ಲೂ ಅಂದುಂಞಿ.
ಫಾರ್ಮಿನಲ್ಲಿ ಮನೆಹೆಸರಿನ ಕಾಲಂ ಇತ್ತು;
ನಾನು ಅಲ್ಲೊಂದು ಗೆರೆ ಎಳೆದಿದ್ದೆ.
ಅಂಗಡಿಗೆ ಮೊದಲು ಬಂದವನಿಗೆ ಮೊದಲ ಕಾಗದ.

ಮೂರು ತಿಂಗಳು
ಮೀಂಜದವ ಸಪ್ಪೆ ಚಾ ಕುಡಿದ.
ತಂಗಿಯ ಮಗಳ ಮದುವೆಯಲ್ಲಿ ಪಾಯಸದ ಸೌಟು ಬಂದಾಗ
ಎಲೆಗೆ ಅಡ್ಡ ಕೈ ಹಿಡಿದ.
ಬಾಯಾರಿನವ 'ನಾರ್ಮಲ್' ಕಾಗದವನ್ನು
ಪಂಚಾಂಗದ ಮೊಳೆಗೆ ಸಿಕ್ಕಿಸಿಟ್ಟ.
ಬಲಗಾಲ ಹೆಬ್ಬೆರಳ ಗಾಯ
ಸಿಮೆಂಟು ತಾಗಿದ್ದು, ಒಣಗುತ್ತದೆ ಅಂದುಕೊಂಡ.
ಮಂಗಳೂರಿನಲ್ಲಿ ಬೆರಳು ತೆಗೆದರು.

ಆ ರಾತ್ರಿ ಶಟರ್ ಅರ್ಧ ಎಳೆದು ಕೂತೆ.
ಪಯ್ಯನ್ನೂರಿನ ಸುಧಾಕರನ್ ಫೋನಿನಲ್ಲಿ ಹೇಳಿಕೊಟ್ಟ:
ವಿಳಾಸದಲ್ಲಿ ಅಂದುಂಞಿಯ ಹೆಸರಾದ ಮೇಲೆ ಒಂದು ಕೂಡು ಚಿಹ್ನೆ,
ಅದರ ಬಾಲಕ್ಕೆ ಊರು, ಮನೆಹೆಸರು.
ಕಾಗದ ಅದೇ ಪೆಟ್ಟಿಗೆಗೇ ಬೀಳುತ್ತದೆ, ಹೆದರಬೇಡ,
ಆದರೆ 'ಡೆಲಿವರ್ಡ್‌-ಟು' ಎಂಬ ಸಾಲು ನೆನಪಿಟ್ಟುಕೊಳ್ಳುತ್ತದೆ
ಯಾರನ್ನು ಕರೆದೆವೆಂದು.
ಅಂದುಂಞಿಗೆ ಆ ಸಾಲು ಕಾಣುವ ಹಾಗೆ ಸೆಟ್ಟಿಂಗ್ ಮಾಡಿಸು.
ಮತ್ತೆ, ಆ ಸಿಸಿಯನ್ನು ಮುಟ್ಟಬೇಡ ಮಾರಾಯ್ತಿ,
ಒಬ್ಬರ ಮೂತ್ರ ಇನ್ನೊಬ್ಬರಿಗೆ ಸುದ್ದಿಯಾಗುವುದು ಬೇಡ.

ಇನ್ನೂರ ಹನ್ನೆರಡು ಮಂದಿಗೆ ಬಾಲ ಕಟ್ಟಿದೆ.
ಅಂದುಂಞಿ ಕೂಡು ಬಾಯಾರು ಕೂಡು ಕಲ್ಲಕಟ್ಟ.
ಅಂದುಂಞಿ ಕೂಡು ಮೀಂಜ ಕೂಡು ಪಡ್ಪು.
ಒಂದು ಗಂಟೆಗೆ ಸೊಳ್ಳೆಬತ್ತಿ ಮುಗಿಯಿತು.

ಹಳೆಯ ಎರಡು ಮೇಲನ್ನೂ ತೆರೆದೆ, ಪೂರ್ತಿ ತಲೆಬರಹದೊಂದಿಗೆ.
ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಂತೆ,
ದಾಟಿ ಬಂದ ಪ್ರತಿ ಕಟ್ಟೆಯೂ ತನ್ನ ಮೊಹರನ್ನು
ಹಿಂದಿನದರ ತಲೆಯ ಮೇಲೆ ಒತ್ತುತ್ತದಂತೆ.
ಓದಿದೆ. ಯಾವ ಯಂತ್ರವೂ ದಾರಿ ತಪ್ಪಿರಲಿಲ್ಲ,
ಎಲ್ಲ ಮೊಹರೂ ಸೆಕೆಂಡಿನ ಲೆಕ್ಕಕ್ಕೆ ಸರಿ.
ತೀರಾ ಅಡಿಯಲ್ಲಿ, ಕಾಗದ ಮೊದಲು ಕೈಬಿಟ್ಟಲ್ಲಿ,
ಲ್ಯಾಬಿನ ಹೆಸರು. ಅಂದರೆ ನಾನು.

ಮೊನ್ನೆ ಬಾಯಾರಿನವ ಮೆಟ್ಟಿಲು ಹತ್ತಿ ಬಂದ,
ಒಂದೊಂದು ಮೆಟ್ಟಿಲಿಗೂ ಎರಡು ಸಲ ಕಾಲಿಟ್ಟು.
ಬೈಗುಳ ಕಾದೆ.
ಕಾಗದ ಬಿಡಿಸಿ ಮನೆಹೆಸರಿನ ಮೇಲೆ ಬೆರಳಿಟ್ಟು
'ಎಂಕ್ ಬತ್ತ್‌ಂಡ್' ಅಂದ, ಅಷ್ಟೆ.

ಮೀಂಜದವನದ್ದೇ ತಕರಾರು:
'ಮೂರು ತಿಂಗಳ ಸಪ್ಪೆ ಚಾ, ಬಾಯಿ,
ಒಂದು ಮದುವೆಯ ಪಾಯಸ.
ಅದನ್ನೆಲ್ಲ ಈಗ ಬರೆಯುವುದು
ಯಾರಿಗೆ?'