ಷರಾ

ಚಾಮರಾಜಪೇಟೆ, ನೋಂದಣಿ ಕಚೇರಿ. ಬೆಳಿಗ್ಗೆ ಹತ್ತೂವರೆ.
ಮೊದಲ ಪ್ರಶ್ನೆ: ಇಳಿಜಾರು ಇದೆಯೇ? ಇದೆ.
ಇಳಿಜಾರಿನ ನೆತ್ತಿಗೆ ಅಡ್ಡಲಾಗಿ ಒಂದು ಜನರೇಟರೂ ಇದೆ,
ಅದಕ್ಕೆ ಹೋದ ಆಯುಧಪೂಜೆಯ ಸೇವಂತಿಗೆ ನಾರು.

ನಫೀಸಾ ಟೇಪು ಎಳೆಯುತ್ತಾಳೆ. ಇನ್ನೊಂದು ತುದಿ ಹಿಡಿದು
ಗಾಲಿಗೆ ಬ್ರೇಕು ಹಾಕಿ ಕೂತಿದ್ದೇನೆ.
ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು.
ಇಲ್ಲಿ ನಾಲ್ಕೂವರೆ.
"ಸ್ಕೂಟರ್ ಹತ್ಸೋಕೆ ಮಾಡ್ಸಿದ್ದು ಮೇಡಂ,"
ಕಾವಲಿನ ಕೆಂಪಸಿದ್ದ ಸುಳ್ಳಾಡುವವನಲ್ಲ.
"ಹಳೇ ಸಾಹೇಬ್ರ ಸ್ಕೂಟರು. ಅವರು ರಿಟೈರಾದ್ರು."

ಹಿಂದಿನಿಂದ, ಕಸದ ಗಾಡಿ ಬರುವ ದಾರಿಯಲ್ಲಿ ಒಳಗೆ ಬಂದೆವು.
ಬಾಗಿಲು: ಎಪ್ಪತ್ತೊಂದು ಸೆಂಟಿಮೀಟರು.
ನನ್ನ ಕುರ್ಚಿ: ಅರವತ್ತಾರು. ಮೊಣಕೈ ಲೆಕ್ಕಕ್ಕಿಲ್ಲ.
ಗಾಲಿಕುರ್ಚಿಯ ಚಿತ್ರ ಬರೆದ ಶೌಚಾಲಯದೊಳಗೆ
ಪೊರಕೆ, ಗೆದ್ದಲು ತಿಂದ ಕಡತ,
ಒಂದು ಮುರಿದ ಗಾಲಿಕುರ್ಚಿ.
ನನಗೆ ನಗು ಬಂತು.
ನಫೀಸಾ ನಗಲಿಲ್ಲ, ಫೋಟೋ ತೆಗೆದಳು. ಅವಳಿಗಿನ್ನೂ ಇಪ್ಪತ್ತೆರಡು.

ಲಿಫ್ಟು?
ಕೆಂಪಸಿದ್ದ ಎರಡೂ ತೋಳು ಚಾಚಿ ತೋರಿಸಿದ:
"ನಾವೇ ಲಿಫ್ಟು. ಎತ್ಕೊಂಡೇ ಹೋಗ್ತೀವಿ.
ಒಂದಿನಾನೂ ಯಾರನ್ನೂ ಬೀಳ್ಸಿಲ್ಲ."
ಒಳ್ಳೆಯವನು. ಅದೇ ಕಷ್ಟ.
ಒಳ್ಳೆಯತನಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ,
ಕಂಕುಳಡಿ ತೂರುವ ಅಪರಿಚಿತ ಕೈಗೂ ಇಲ್ಲ,
ಜಾರಿದ ಸೆರಗನ್ನು ಎಳೆದುಕೊಳ್ಳಲಾಗದೆ ಎಣಿಸುವ
ಹತ್ತೊಂಬತ್ತು ಮೆಟ್ಟಿಲಿಗೂ.

ಆಮೇಲೆ ಕಂಡದ್ದು, ಮೊದಲ ಮೆಟ್ಟಿಲ ಪಕ್ಕದ ಗೋಡೆ.
ಎಲೆಯಡಿಕೆ ಅಂದುಕೊಂಡೆ. ಅಲ್ಲ, ನೀಲಿ.
ಬೆರಳು ಒರೆಸಿದ ಗುರುತು. ನೂರೋ, ಇನ್ನೂರೋ,
ಸುಣ್ಣ ಬಳಿದರೂ ಅಡಿಯಿಂದ ಮತ್ತೆ ಎದ್ದವು.
"ಹತ್ತೋಕಾಗ್ದೋರು ಇಲ್ಲೇ ಕೂರ್ತಾರೆ.
ಗುಮಾಸ್ತರು ಊಟಕ್ಕೆ ಇಳಿಯೋವಾಗ ಇಂಕ್ ಪ್ಯಾಡು ತರ್ತಾರೆ."

ಮನೆ ಬರೆದುಕೊಟ್ಟವರು, ಪಾಲು ಬಿಟ್ಟುಕೊಟ್ಟವರು,
ಮೇಲೆ ಏನು ಓದಿದರೆಂದು ಕೇಳಿಸದೆ
ಕೆಳಗೆ ಹೆಬ್ಬೆಟ್ಟು ಒತ್ತಿದವರು.
ಒರೆಸಲು ಬಟ್ಟೆ ಮಾತ್ರ ಯಾರೂ ತರಲಿಲ್ಲ.

ನಫೀಸಾ, ಟೇಪು ಇಲ್ಲಿ ಹಿಡಿ.
ನೆಲದಿಂದ ಐವತ್ತೆಂಟು ಸೆಂಟಿಮೀಟರು.
"ಯಾವ ಕಾಲಂಗೆ ಹಾಕ್ಲಿ ಅಕ್ಕ?"
ಷರಾಕ್ಕೆ ಹಾಕು.
ಷರಾದ ಜಾಗ ಒಂದೂವರೆ ಸಾಲು.

ಹೊರಡುವ ಮುಂಚೆ ಕೈ ಚಾಚಿ ಮುಟ್ಟಿದೆ.
ಇಡೀ ಕಟ್ಟಡದಲ್ಲಿ
ಕೂತಲ್ಲಿಂದಲೇ ನನಗೆ ಎಟುಕಿದ್ದು ಅದೊಂದೇ.