ಕರಾರಿನಲ್ಲಿ ಇಲ್ಲದ ಮರ

ಸೆತೂಬಲ್ ಊರಿನ ಏರುಕೇರಿ. ಬಾಡಿಗೆ ಮನೆ.
ಹಿತ್ತಿಲೆಂದರೆ ಎರಡು ಹಾಸಿಗೆಯಷ್ಟು ಮರಳುಮಣ್ಣು,
ಬಟ್ಟೆ ಒಣಹಾಕುವ ತಂತಿ, ಒಡೆದ ಸಿಂಕು.
ಮನೆಯೊಡೆಯ ಅಬೀಲಿಯೊ ಕರಾರಿನಲ್ಲಿ ಬರೆಸಿದ್ದ:
ನಾಯಿ ಕೂಡದು, ಗೋಡೆಗೆ ಮೊಳೆ ಕೂಡದು.
ಮರದ ಮಾತು ಎತ್ತಿರಲಿಲ್ಲ.

ಹಾಗಾಗಿ ನೆಟ್ಟೆ.

ಮೊಣಕಾಲೆತ್ತರದ ಮೆದ್ರೋನ್ಯೊ ಗಿಡ,
ಕುಂಡ ಸೇರಿ ಒಂಬತ್ತು ಯೂರೊ.
ಮಾರಿದ ಮುದುಕಿ ಹೇಳಿದ್ದಿಷ್ಟು:
"ಒಮ್ಮೆ ಇಟ್ಟಮೇಲೆ ಕೀಳಬೇಡ, ಬೇರು ಮುಟ್ಟಿದರೆ ಇದಕ್ಕೆ ಸಿಟ್ಟು.
ಕಾಲು ತೊಯ್ದು ನಿಂತರೆ ಸಾಯುತ್ತದೆ.
ಎರಡು ಬೇಸಿಗೆ ನೀರು ಕೊಡು, ಆಮೇಲೆ ಮರೆತುಬಿಡು."

ಮರೆಯಲಿಕ್ಕೆ ಬರಬೇಕಲ್ಲ.
ಹೋಟೆಲಿನ ಹಾಸುಗಳಿಗೆ ದಿನವಿಡೀ ಇಸ್ತ್ರಿ ಹಾಕಿ
ಯಾರದೋ ನಿದ್ದೆಯ ಬಿಸಿಯನ್ನು ಅಂಗೈಗೆ ಹತ್ತಿಸಿಕೊಂಡು ಬಂದು
ಸಂಜೆಗೆ ಒಂದು ಬಕೆಟ್ಟು ಸುರಿಯುತ್ತಿದ್ದೆ.
ಚಳಿಗೆ ಪಕ್ಕದ ಮನೆಯ ಅಂಜೂರ ಬೆತ್ತಲಾದಾಗ
ಇದು ಅಂಗಿ ಬಿಚ್ಚಲಿಲ್ಲ.
ಬಾಡಿಗೆಯ ನೆಲದಲ್ಲಿ ಬಾಡದ ಎಲೆ,
ಎಲೆಯಂಚಿಗೆ ಗರಗಸದ ಹಲ್ಲು;
ತೊಗಟೆ ಮಾತ್ರ ಸುಲಿಸುಲಿದು ಒಳಗಿನ ಕೆಂಪು ತೋರುವುದು,
ಕಡಲ ದಂಡೆಗೆ ಹೋಗಿಬಂದ ನನ್ನ ಮೂಗಿನ ಹಾಗೆ.

ಆರನೆಯ ಅಕ್ಟೋಬರ್. ಮೊದಲ ಹೂ.
ತಲೆಕೆಳಗಾಗಿ ನೇತ ಬಿಳಿ ಗಡಿಗೆಗಳು,
ಇರುವೆಗಳ ಮದುವೆಯಡುಗೆಗೆ ಸಾಲುವಷ್ಟು.
ಜೇನ್ನೊಣ ಒಂದೊಂದರ ತಳಕ್ಕೂ ಮೂತಿಯಿಟ್ಟು ನೋಡಿತು.
ನಾನು ಕಾದೆ, ಈ ವಾರ, ಮುಂದಿನ ವಾರ, ಕ್ರಿಸ್‌ಮಸ್ಸಿಗೆ.
ಈ ಮರದ ಲೆಕ್ಕವೇ ಬೇರೆ:
ಹೂ ಹಣ್ಣಾಗಲು ಪೂರಾ ಒಂದು ವರ್ಷ.
ಅಷ್ಟರಲ್ಲಿ ಅಬೀಲಿಯೊನ ಕಾಗದ ಬಂತು:
ಬಾಡಿಗೆ ಇನ್ನು ಇಷ್ಟು, ಆಗದಿದ್ದರೆ ಬಿಡಿ.

ಬಿಟ್ಟೆ. ತಂತಿ ಬಿಚ್ಚಿಕೊಂಡೆ, ಪರದೆ ಬಿಚ್ಚಿಕೊಂಡೆ,
ಗುದ್ದಲಿ ಹಿಡಿದು ಮರದ ಬುಡದ ತನಕ ಹೋದೆ, ಸುಳ್ಳು ಯಾಕೆ.
ಮುದುಕಿಯ ಮಾತು ನೆನಪಾಯಿತು. ಸೊಂಟವೂ ನೋಯುತ್ತಿತ್ತು.
ಕೊಂಬೆಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಯಿ.
ಎಣಿಸಿದೆ. ಅರವತ್ತೆರಡು.

ನವೆಂಬರಿನಲ್ಲಿ, ಕೆಲಸವೇನೂ ಇಲ್ಲದೆ,
ಬಸ್ಸಿಳಿದು ಆ ಕೇರಿ ಹತ್ತಿದೆ.
ಗೋಡೆಯಾಚೆ ಕೇಪ್ ವರ್ಡಿಯ ಹೆಂಗಸು, ಹೆಸರು ಜಸೀರಾ,
ಕಂಕುಳಲ್ಲಿ ಕೂಸು, ಹೊಸ ತಂತಿಯಲ್ಲಿ ಪುಟಾಣಿ ಕಾಲುಚೀಲ.
"ಯಾರು?"
"ನೆಟ್ಟವಳು," ಅಂದೆ.
ಅವಳು ಮರ ನೋಡಿದಳು, ನನ್ನ ಕೈ ನೋಡಿದಳು,
ಬುಡಕ್ಕೆ ಅಡ್ಡ ನಿಂತಳು.

ಬರಿಗೈ ತೋರಿಸಿದೆ.
ಆಮೇಲೆ ಒಂದು ಕೊಂಬೆಯನ್ನು ಗೋಡೆಯ ಮೇಲೆ ಬಗ್ಗಿಸಿದಳು.
ಒಂದೇ ಕೊಂಬೆ: ತುದಿಗೆ ಬಿಳಿ ಗಡಿಗೆಗಳ ಗೊಂಚಲು,
ಕೆಳಗೆ ಮರಳುಮೈಯ ಕೆಂಪು ಹಣ್ಣು,
ಹಳದಿಯಲ್ಲೇ ಇನ್ನೂ ಯೋಚಿಸುತ್ತಿರುವ ಒಂದೆರಡು.
ಹಣ್ಣು ನನ್ನ ವರ್ಷದ್ದು. ಹೂ ಅವಳ ವರ್ಷದ್ದು.
ಕರಾರು ಮುಗಿದದ್ದು ಕೊಂಬೆಗೆ ಗೊತ್ತಿಲ್ಲ.

ತಿಂದೆ. ರುಚಿ ಅಷ್ಟಕ್ಕಷ್ಟೆ,
ಹಿಟ್ಟುಹಿಟ್ಟು, ನಾಲಿಗೆಗೆ ಮರಳು.
"ಇನ್ನೊಂದು?"
"ಸಾಕು. ಹೆಚ್ಚಾದರೆ ಅಮಲೇರುತ್ತದಂತೆ."
"ನೀರು ಎಷ್ಟು ಹಾಕಲಿ?"
"ಏನೂ ಬೇಡ," ಅಂದೆ. "ಮರೆತುಬಿಡು."