ಕಿವಿಯ ತುದಿ

ಹಿರೇಗುತ್ತಿಯ ಬೀರಣ್ಣ ನಾಯಕರು
ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು
ಗೋಣಿಚೀಲ ಬಿಚ್ಚಿ ನನ್ನ ಮಣೆಯ ಮೇಲಿಟ್ಟರು ರೈಫಲ್ಲು.
ಸರಕಾರಿ ಕಾರ್ಖಾನೆಯ ಸಾದಾ ಮಾಲು.
ಮರಕ್ಕೆ ಶಾಲೆಯ ಬೆಂಚಿಗೆ ಬಳಿಯುವ ವಾರ್ನಿಶು.

"ನನ್ನ ಷಡ್ಡಕನದು ನೋಡಬೇಕು ನೀವು, ಗುಡಿಗಾರರೇ.
ಅಕ್ರೋಟು ಮರ, ಹೊಗೆ ಸುಳಿದ ಹಾಗೆ ಎಳೆ.
ಕುದುರೆಯ ಮೇಲ್ಗಡೆ ಬೆಳ್ಳಿ ತಗಡು, ಅದರಲ್ಲಿ ಜಿಂಕೆ.
ನಳಿಗೆಯ ನೀಲಿಯೋ, ನವಿಲಿನ ಕುತ್ತಿಗೆ.
ಬೆಲೆ ಇದರ ಎರಡೂವರೆ ಪಟ್ಟು."

"ಗುಂಡು?"
"ಗುಂಡು ಅದೇ."
"ದೂರ?"
"ದೂರವೂ ಅದೇ. ತೆಂಗಿನ ಚಿಪ್ಪು ಇಟ್ಟು ನೋಡಿದೆವು,
ನಾಲ್ಕಕ್ಕೆ ನನ್ನದು ಮೂರು, ಅವನದು ಎರಡು."
ಸ್ವಲ್ಪ ತಡೆದು,
"ಆದರೂ ಮನೆಗೆ ಬಂದವರು ಅವನದನ್ನೇ ಮುಟ್ಟಿ ನೋಡುತ್ತಾರೆ."

ನಾನು ಗಂಧದ ಪೆಟ್ಟಿಗೆ ಕೆತ್ತುವವರ ಮಗ.
ಗಂಧ ಈಗ ಡಿಪೋದ ಬೀಗದೊಳಗೆ.
ನಮ್ಮ ಪಾಲಿಗೆ ಶಿವಣೆ, ತೀರಿಹೋದವರ ಫೋಟೋಕ್ಕೆ ಚೌಕಟ್ಟು,
ಬ್ಯಾಂಕಿನವರ ನಿವೃತ್ತಿಗೆ ಆನೆ.
ಕೋವಿ ಇದೇ ಮೊದಲು.
ಏನು ಕೆತ್ತಲಿ ಅಂದರೆ ಹುಲಿ ಅಂದರು.
ಹುಲಿಗೂ ನಿಮಗೂ ಏನು ಸಂಬಂಧ?
ಲೈಸೆನ್ಸು ಕೊಟ್ಟದ್ದು ಶೇಂಗಾ ಕಾಯಲಿಕ್ಕೆ, ಹಂದಿ ಕೆತ್ತುತ್ತೇನೆ.
ಹಂದಿಯೇ! ನಕ್ಕರು.
ಗುಡಿಯ ಕಂಬದಲ್ಲಿದ್ದರೆ ವರಾಹ,
ಗದ್ದೆಗೆ ಇಳಿದರೆ ಹಂದಿ,
ಉಳಿಗೆ ಎರಡೂ ಒಂದೇ.

ಕಬ್ಬಿಣ ಬಿಚ್ಚಿ ಅವರೇ ಒಯ್ದರು,
ಲೈಸೆನ್ಸಿಲ್ಲದವನ ಹತ್ತಿರ ಬಿಡುವಂತಿಲ್ಲ.
ಮರ ಮಾತ್ರ ನನ್ನಲ್ಲಿ ಉಳಿಯಿತು, ಮೂರು ವಾರ.
ಗುಣವಿಲ್ಲದ ಮರ, ಉಳಿ ಮುಟ್ಟಿದಲ್ಲಿ ನಾರು ಏಳುತ್ತದೆ.
ಬೆನ್ನಿನ ಬಿರುಗೂದಲು ಒಂದೊಂದೇ ಎಳೆದೆ,
ಮೂತಿಗೆ ಹಸಿಮಣ್ಣಿನ ಹಟ ಬರುವ ತನಕ.
ಆಮೇಲೆ ಅಗಸೆ ಎಣ್ಣೆ, ಹತ್ತು ಸಲ, ಅಂಗೈಯಿಂದ.
ಕೂಲಿ ಮೂವತ್ತೆರಡು ಸಾವಿರ ಎಂದಾಗ
ನಾಯಕರು ಅದನ್ನು ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ಕೇಳಿದರು,
"ಇದರಿಂದ ಗುರಿ ಏನಾದರೂ ಸುಧಾರಿಸುತ್ತದೆಯೇ?"
ಇಲ್ಲ ಅಂದೆ.
ಇಪ್ಪತ್ತನಾಲ್ಕು ಕೊಟ್ಟರು. ಉಳಿದದ್ದು ಶೇಂಗಾ ಬಂದ ಮೇಲೆ.

ಶೇಂಗಾ ಬರುವ ಮೊದಲು ಚುನಾವಣೆ ಬಂತು.
ಕೋವಿಗಳೆಲ್ಲ ಠಾಣೆಗೆ.
ಬಾಕಿ ಕೇಳಲು ಘಟ್ಟ ಇಳಿದವನು ನಾಯಕರ ಹಿಂದೆ ಅಲ್ಲಿಗೂ ಹೋದೆ.
ಗೋಡೆಗೆ ಒರಗಿ ನಿಂತಿದ್ದವು, ಸೆಣಬಿನ ದಾರ, ರಟ್ಟಿನ ಚೀಟಿ.
ಷಡ್ಡಕನದು ನಲವತ್ತೊಂದು, ನಮ್ಮದು ನಲವತ್ತೆರಡು.
ನವಿಲಿನ ಕುತ್ತಿಗೆಗೆ ಅಳಿವೆಯ ಉಪ್ಪುಗಾಳಿ ತಾಗಿ
ಅಲ್ಲಲ್ಲಿ ಕೆಂಪು ಚುಕ್ಕಿ.
ನಾಯಕರ ಮುಖದಲ್ಲಿ ಅರ್ಧ ದುಡ್ಡು ವಸೂಲಾದ ಕಳೆ.

ನಾನು ನೋಡಿದ್ದು ನಲವತ್ತಮೂರು.
ಬೊಮ್ಮ ಗೌಡರ ಕೇಪಿನ ಕೋವಿ. ನಳಿಗೆಗೆ ತಂತಿ ಸುತ್ತು.
ಯಾವ ಮರವೋ, ಯಾರ ಕೊಡಲಿಯೋ.
ಕೆನ್ನೆ ತಾಗುವಲ್ಲಿ ಮಾತ್ರ ಒಂದು ಹೊಳಪು,
ಅಜ್ಜನ ಬೆವರು, ಅಪ್ಪನ ಬೆವರು ಕುಡಿದು ಬಂದದ್ದು,
ನನ್ನ ಹತ್ತು ಸಲದ ಎಣ್ಣೆಗೆ ಬಾರದ್ದು.
ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ಅದೇ ವಾರ ಹಂದಿಗಳು ಇಳಿದವಂತೆ ಗದ್ದೆಗೆ.
ಗೌಡರು, ನಾಯಕರು, ಷಡ್ಡಕ
ಮೂವರೂ ಸಾಲಾಗಿ ನಿಂತು ಎಣ್ಣೆ ಡಬ್ಬ ಬಡಿದರಂತೆ.
ನನ್ನ ಎಂಟು ಸಾವಿರ ಬೇರುಸಹಿತ ಎದ್ದು ಕಾಡಿಗೆ ಹೋಯಿತು.

ಎಣಿಕೆ ಮುಗಿದು ಕೋವಿ ಬಿಡಿಸುವ ದಿನ ಮತ್ತೆ ಹೋದೆ.
ಪಹರೆಯ ಪೇದೆ ಹರಿಕಂತ್ರ ರಿಜಿಸ್ಟರಿನಲ್ಲಿ ಬರೆಯುತ್ತ
ಇನ್ನೊಂದು ಕೈಯ ಹೆಬ್ಬೆರಳಿನಿಂದ
ನಲವತ್ತೆರಡರ ಹಂದಿಯ ಕಿವಿ ಸವರುತ್ತಿದ್ದ, ತನಗೇ ಗೊತ್ತಿಲ್ಲದೆ.
ಎಷ್ಟು ರಾತ್ರಿಯಿಂದಲೋ.
ಕಿವಿಯ ತುದಿ ಸಣ್ಣಗೆ ಹೊಳೆಯತೊಡಗಿತ್ತು.

ಬಾಕಿಯ ಮಾತು ಎತ್ತಲಿಕ್ಕೆಂದೇ ಹೋದವನು
ಎತ್ತಲಿಲ್ಲ.
ಮರುದಿನ ಫೋನು ಮಾಡಿ ಎತ್ತಿದೆ.